ಹೆಂಚಿಗಾಗಿ ಕಾದ ಹಲ್ಲು

ನನ್ನ ಮಗಳು ಶ್ರೀರಕ್ಷಾಳ ಬಾಯಿಗೆ ಬೀಗ ಬಿದ್ದದ್ದನ್ನು ನಾನು ಮೊದಲ ಸಲ ಕಂಡದ್ದು ಅವಳ ಟಾನ್ಸಿಲ್ ಆಪರೇಷನ್ನಿನ ದಿನ ಬೆಳಿಗ್ಗೆ. ಆರು ವರ್ಷದ ಹುಡುಗಿ. ಎಚ್ಚರವಿದ್ದರೆ ಮಾತು, ಮಲಗಿದರೆ ಗೊರಕೆ. ಈ ಬಂಗಾಳಿ ಊರಿನ ಗರಿಯಾಹಾಟಿನಲ್ಲಿರುವ ನಮ್ಮ ಉಡುಪಿ ಹೋಟೆಲಿನ ಗ್ರೈಂಡರ್ ನಾಚಬೇಕು, ಅಂಥ ಗೊರಕೆ. ನಡುವೆ ಉಸಿರೇ ನಿಂತು ಮತ್ತೆ ಬರುತ್ತಿತ್ತು. ಅದಕ್ಕೇ ಟಾನ್ಸಿಲ್ ತೆಗೆಯಲೇಬೇಕು ಎಂದಿದ್ದರು ಡಾಕ್ಟರು.

ಅವಳು ತುಟಿ ಬಿಗಿದು ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತಿದ್ದಳು. ಏನೂ ತಿನ್ನಬಾರದೆಂದು ಹೇಳಿದ್ದರು, ಹಸಿವಿನ ಸಿಟ್ಟು ಎಂದುಕೊಂಡೆ. ನನ್ನ ಗಂಡ ರಘುಪತಿ ಮದುವೆಮನೆಯ ಸಾವಿರ ಜನಕ್ಕೆ ಧೈರ್ಯವಾಗಿ ಸಾರು ಕುದಿಸುವವರು, ಫಿನೈಲ್ ವಾಸನೆ ಬಡಿದರೆ ಬೆವರುತ್ತಾರೆ. ಅತ್ತೆ ಸುಭದ್ರಮ್ಮ ಮೂಲೆಯ ಕುರ್ಚಿಯಲ್ಲಿ ಕಣ್ಣುಮುಚ್ಚಿ ಸ್ತೋತ್ರ ಹೇಳುತ್ತಿದ್ದರು.

ಅರಿವಳಿಕೆ ಕೊಡುವ ಡಾಕ್ಟರ್ ಚಂಪಾ ಬಸು ಬಂದು, ನಿನ್ನೆ ಕೇಳಿದ್ದನ್ನೇ ಹಿಂದಿಯಲ್ಲಿ ಮತ್ತೆ ಕೇಳಿದರು. ಏನಾದರೂ ತಿಂದಳಾ? ಶೀತ, ಜ್ವರ? ಅಲ್ಲಾಡುವ ಹಲ್ಲು?

"ಇಲ್ಲ," ಎಂದೆ. "ಒಂದು ಮೊದಲೇ ಬಿದ್ದಿದೆ. ಉಳಿದದ್ದೆಲ್ಲ ಗಟ್ಟಿ."

"ಇದ್ದರೆ ನನಗೆ ಗೊತ್ತಿರಬೇಕು. ನಿದ್ದೆಯಲ್ಲಿ ಕಳಚಿ ಉಸಿರಿನ ದಾರಿಗೆ ಜಾರಿದರೆ ಅಪಾಯ." ಅವರು ಬಗ್ಗಿ ಮಗಳನ್ನೇ ಬಂಗಾಳಿಯಲ್ಲಿ ಕೇಳಿದರು, ಯಾವುದಾದರೂ ಹಲ್ಲು ಅಲ್ಲಾಡುತ್ತಿದೆಯಾ ಎಂದು.

"ಬೊಲ್ಬೋ ನಾ," ಎಂದಳು ಶ್ರೀರಕ್ಷಾ ತುಟಿಯ ಸಂದಿಯಿಂದ. ಹೇಳುವುದಿಲ್ಲವಂತೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನನಗೆ ಸಿಟ್ಟು ಬಂತು. "ಎಂತ ಹುಡುಗಾಟ ಇದು? ಬಾಯಿ ತೆಗಿ ಈಗ!"

ಡಾಕ್ಟರು ನನ್ನ ಕೈ ಹಿಡಿದರು. "ಬೈಯಬೇಡಿ. ಹೆದರಿ ನಿದ್ದೆಗೆ ಹೋದ ಮಕ್ಕಳು ಎಷ್ಟೋ ಸಲ ಹೆದರಿಕೊಂಡೇ ಏಳುತ್ತವೆ. ಯಾಕೆ ಹೇಳುವುದಿಲ್ಲ ಅಂತ ಕೇಳಿ."

ಕೇಳಿದೆ. ಮಗಳು ಅಜ್ಜಿಯ ಕಡೆ ನೋಡಿದಳು. "ಅಜ್ಜಿ ಹೇಳಿದ್ದು. ಹೆಂಚು ಬೇಕು."

ಅತ್ತೆಯ ಸ್ತೋತ್ರ ಅಲ್ಲಿಗೇ ನಿಂತಿತು. ಮೊದಲ ಹಲ್ಲು ಬಿದ್ದಾಗ ನನ್ನ ಗಂಡ ಅದನ್ನು ಕಸ್ಬಾದ ನಮ್ಮ ಮನೆಯ ಬಾಲ್ಕನಿಯಿಂದ ಪಕ್ಕದ ಕಟ್ಟಡದ ತಾರಸಿಗೆ ಎಸೆದಿದ್ದರು. "ಕಾಂಕ್ರೀಟಿಗೆ ಬಿಸಾಡಿದ್ರೆ ಹೊಸ ಹಲ್ಲು ಬರ್ತದಾ ಮಾರಾಯಾ? ಹೆಂಚಿಗೇ ಬಿಸಾಡ್ಬೇಕು," ಎಂದು ಅತ್ತೆ ತಮಾಷೆ ಮಾಡಿದ್ದರು. ಮಗಳು ಅದನ್ನು ವೇದವಾಕ್ಯ ಮಾಡಿಕೊಂಡಿದ್ದಳು. ರಜೆಯಲ್ಲಿ ಊರಿಗೆ ಹೋಗಿ ಉಡುಪಿಯ ಮನೆಯ ಹೆಂಚು ಸಿಗುವವರೆಗೆ ಎರಡನೆಯ ಹಲ್ಲನ್ನು ಬಾಯಲ್ಲೇ ಕಾಯುವುದು ಅವಳ ಲೆಕ್ಕ. ಕೆಲವು ದಿನದಿಂದ ಇಡ್ಲಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ನಾನು ಪಾಪ, ಗಂಟಲು ನೋವು ಎಂದುಕೊಂಡಿದ್ದೆ.

"ಇಲ್ಲಿ ಇವ್ರು ಡಸ್ಟ್‌ಬಿನ್‌ಗೆ ಹಾಕ್ತಾರೆ," ಎಂದಳು. ಕಣ್ಣಲ್ಲಿ ನೀರು. "ಮತ್ತೆ ನಂಗೆ ಫಾರೆವರ್ ಎರಡು ಗ್ಯಾಪ್."

ನಾನು ಹಿಂದಿಯಲ್ಲಿ ವಿವರಿಸಿದೆ. ಡಾಕ್ಟರು ನಗಲಿಲ್ಲ. "ನಮ್ಮಲ್ಲಿ ಇಲಿಯ ಬಿಲಕ್ಕೆ ಹಾಕುತ್ತೇವೆ," ಎಂದರು.

"ಇಲಿಗೆ ಕನ್ನಡ ಬರ್ತದಾ ಅಮ್ಮ?"

ಅದನ್ನೂ ಹೇಳಿದೆ. ಡಾಕ್ಟರು ಯೋಚಿಸಿದರು. "ಈ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಒಂದು ಚಹಾದ ಅಂಗಡಿ ಇದೆ. ಅದರ ಮಾಡು ಟಾಲಿಯದ್ದು." ಟಾಲಿ ಎಂದರೆ ಹೆಂಚೇ ಎಂದು ಮಗಳಿಗೆ ಹೇಳಬೇಕಾಗಲಿಲ್ಲ, ಅವಳ ಕಣ್ಣು ಅಷ್ಟರಲ್ಲೇ ಅಗಲವಾಗಿತ್ತು. "ನಿನಗೆ ನಿದ್ದೆ ಬಂದಮೇಲೆ ನಾನೇ ಹಲ್ಲು ತೆಗೆಯುತ್ತೇನೆ, ನೋವಾಗುವುದಿಲ್ಲ. ಡಬ್ಬಿಗೆ ಹಾಕಿ ನಿನ್ನ ಕೈಗೇ ಅಂಟಿಸುತ್ತೇನೆ."

"ನೀನು ನಿದ್ದೆ ಮಾಡುವುದಿಲ್ಲವಾ?" ಎಂದು ಬಂಗಾಳಿಯಲ್ಲಿ ಕೇಳಿದಳು ಮಗಳು.

"ಇಲ್ಲ. ನೀನು ಏಳುವವರೆಗೆ ನಿನ್ನ ತಲೆಯ ಹತ್ತಿರವೇ ಇದ್ದು ನಿನ್ನ ಉಸಿರು ನೋಡುವುದೇ ನನ್ನ ಕೆಲಸ."

ಆ ಕೆಲಸವನ್ನು ನಾನು ಎಷ್ಟೋ ರಾತ್ರಿ ಒಬ್ಬಳೇ ಮಾಡಿದ್ದೆ. ನಿಂತ ಉಸಿರು ಮತ್ತೆ ಬರಲಿ ಎಂದು ಕಾಯುತ್ತಾ ಅವಳ ಪಕ್ಕ ಕೂತಿರುತ್ತಿದ್ದೆ. ಇನ್ನೊಬ್ಬರು ಅದನ್ನು ಹೊತ್ತುಕೊಳ್ಳುತ್ತೇನೆ ಎಂದಾಗ ನನಗೆ ಅಳು ಬಂತು.

ಶ್ರೀರಕ್ಷಾ ಬಾಯಿ ತೆರೆದಳು. ಕೆಳಗಿನ ಹಲ್ಲು ದಾರದಷ್ಟು ಹಿಡಿತದಲ್ಲಿ ನೇತಾಡುತ್ತಿತ್ತು. "ಹೇಳಿದ್ದು ಬಹಳ ಒಳ್ಳೆಯದಾಯಿತು," ಎಂದರು ಡಾಕ್ಟರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಆಪರೇಷನ್ ಕೋಣೆಯಲ್ಲಿ ಮಾಸ್ಕ್ ಹಿಡಿಯುವಾಗ ನಾನೇ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅವಳು ನನ್ನನ್ನು ನೋಡಲಿಲ್ಲ, ಡಾಕ್ಟರ ಕಣ್ಣನ್ನೇ ನೋಡುತ್ತಿದ್ದಳು. ನೋಡುತ್ತಲೇ ನನ್ನ ತೋಳಿನ ಮೇಲೆ ಭಾರವಾದಳು. ಅವಳನ್ನು ಅವರ ಕೈಗೆ ಕೊಟ್ಟು ಹೊರಗೆ ಬಂದೆ.

ಎದ್ದಾಗ ಅವಳು ಅಳಲಿಲ್ಲ. ಮೊದಲು ಕೈ ನೋಡಿಕೊಂಡಳು. ಮಣಿಕಟ್ಟಿನ ಮೇಲೆ, ಪ್ಲಾಸ್ಟರಿನ ಅಡಿಯಲ್ಲಿ ಪುಟ್ಟ ಡಬ್ಬಿ ಇತ್ತು. ಮತ್ತೆ ಮಲಗಿದಳು, ಗೊರಕೆಯಿಲ್ಲದೆ.

ಮರುದಿನ ಮನೆಗೆ ಹೊರಟಾಗ ಎಲ್ಲರೂ ಹಿಂದಿನ ಗಲ್ಲಿಗೆ ಹೋದೆವು. ಇವರು ಹಲ್ಲನ್ನು ಚಹಾದಂಗಡಿಯ ಹೆಂಚಿಗೆ ಎಸೆದರು. ಶ್ರೀರಕ್ಷಾಗೆ ಗಂಟಲು ನೋವಿಗೆ ಮಾತು ಹೊರಡದು. ನನ್ನ ಸೆರಗು ಎಳೆದು ಮಾಡಿನ ಕಡೆ ಬೆರಳು ತೋರಿಸಿದಳು. ಬರೀ ಎಸೆದರೆ ಸಾಕಾ, ಕೇಳಬೇಕಲ್ಲ. ಇಂಥದ್ದನ್ನೆಲ್ಲ ನಂಬದ ನಾನು ಗಲ್ಲಿಗೆಲ್ಲ ಕೇಳುವಂತೆ ಕೂಗಿದೆ: "ಹಳೇ ಹಲ್ಲು ತಕೋ, ಹೊಸ ಹಲ್ಲು ಕೊಡು!"

ಚಹಾದವನು ಕೆಟಲ್ ಹಿಡಿದುಕೊಂಡೇ ಹೊರಗೆ ಬಂದು ನೋಡಿದ. ಮಗಳು ನನ್ನ ಕಡೆ ತಿರುಗಿ, ನಿನ್ನೆಯಿಂದ ಮೊದಲ ಸಲ, ತುಟಿ ಬಿಚ್ಚಿ ನಕ್ಕಳು. ಎರಡು ಕಿಂಡಿ ಕಂಡವು. ಕಾಂಕ್ರೀಟಿಗೆ ಎಸೆದ ಮೊದಲ ಹಲ್ಲಿನ ಜಾಗದಲ್ಲಿ ಹೊಸ ಹಲ್ಲಿನ ಬಿಳಿ ಅಂಚು ಆಗಲೇ ಮೇಲೆ ಬಂದಿತ್ತು.