ನಾಲ್ಕನೇ ಟೇಬಲ್ಲಿನ ಕೈ

ಆಸ್ಪತ್ರೆಯ ಎದುರಿಗಿದ್ದ ಆ ಹೋಟೆಲಿಗೆ ಹಸಿದು ಬರುವವರಿಗಿಂತ ಕಾದು ಕಾದು ಸಾಕಾಗಿ ಬರುವವರೇ ಹೆಚ್ಚು. ರಿಪೋರ್ಟ್ ಬರಬೇಕು, ಡಾಕ್ಟರು ಬರಬೇಕು, ಒಳಗಿದ್ದವರಿಗೆ ಪ್ರಜ್ಞೆ ಬರಬೇಕು; ಅಷ್ಟರಲ್ಲಿ ಏನಾದರೂ ಬಾಯಿಗೆ ಹಾಕಿಕೊಳ್ಳೋಣವೆಂದು ರಸ್ತೆ ದಾಟಿ ಬರುತ್ತಿದ್ದರು. ಅಕ್ಕ ಅಲ್ಲಿ ಹನ್ನೊಂದು ವರ್ಷದಿಂದ ಬಡಿಸುತ್ತಿದ್ದಳು. ಅಡುಗೆಯವನಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದುದರಿಂದ ಅವಳ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮನೆಯಲ್ಲಿ ಬೆನ್ನುನೋವಿನಿಂದ ಡ್ರೈವರ್ ಕೆಲಸ ಬಿಟ್ಟ ಗಂಡ, ಶಾಲೆಗೆ ಹೋಗುವ ಮಗಳು, ಮಾತಿಗೆ ಮಾತು ಪೋಣಿಸುವ ಅತ್ತೆ. "ಸಂಬಳ ಬಾಡಿಗೆಗೆ, ಟಿಪ್ಸು ಹೊಟ್ಟೆಗೆ" ಎಂಬುದು ಅತ್ತೆಯ ಲೆಕ್ಕ.

ದರ್ಜಿ ಮೊದಲ ಸಲ ಬಂದದ್ದು ಒಂದು ಸೋಮವಾರ, ಹನ್ನೆರಡೂವರೆಗೆ. ಅರವತ್ತು ದಾಟಿದ ಸಣಕಲು ಮನುಷ್ಯ. ಕಾಲರಿನ ಅಡಿಯಲ್ಲಿ ಎರಡು ಗುಂಡುಸೂಜಿ ಸಿಕ್ಕಿಸಿಕೊಂಡೇ ಬಂದಿದ್ದರು. ಕಿಟಕಿಯ ಪಕ್ಕದ ನಾಲ್ಕನೇ ಟೇಬಲ್ಲಿಗೆ ಕೂತು ಸೂಪು, ಬ್ರೆಡ್ಡು ತರಿಸಿಕೊಂಡರು. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೀವಾಗಿ ಮೇಲಿನ ವಾರ್ಡಿನಲ್ಲಿ ಮಲಗಿಸಿದ್ದಾರೆ ಎಂದು ಕೇಳದೆಯೇ ಹೇಳಿದರು. ಬಿಲ್ಲು ಕೊಟ್ಟ ಮೇಲೆ ಒಂದು ನೋಟನ್ನು ನಾಲ್ಕು ಮಡಿಕೆ ಮಾಡಿ ಅವಳ ಅಂಗೈಯಲ್ಲೇ ಇಟ್ಟರು.

"ತಟ್ಟೆ ಕೆಳಗಿಟ್ರೆ ತಟ್ಟೆಗೆ ಕೊಟ್ಟ ಹಾಗಾಗುತ್ತೆ ತಂಗಿ. ಬಡಿಸಿದ್ದು ನೀನು ತಾನೇ?"

ಹೀಗೇ ಒಂದು ತಿಂಗಳು ನಡೆಯಿತು. ಅವರು ಬರುವ ಹೊತ್ತಿಗೆ ಅಕ್ಕ ನಾಲ್ಕನೇ ಟೇಬಲ್ಲು ಒರೆಸಿ, ಉಗುರುಬೆಚ್ಚಗಿನ ನೀರು ಇಟ್ಟಿರುತ್ತಿದ್ದಳು. ಅವರಿಗೆ ಆಗಾಗ ಕೆಮ್ಮು ಬರುತ್ತಿತ್ತು. ಬಂದಾಗ ಮಾತಾಡಲಾಗದೆ ಎರಡು ಬೆರಳು ಮೇಲೆತ್ತುತ್ತಿದ್ದರು. ಅಕ್ಕ ಜಗ್ಗು ಹಿಡಿದು ಓಡುತ್ತಿದ್ದಳು.

ಆಮೇಲೆ ಸರ್ವಿಸ್ ಚಾರ್ಜ್ ಬಂತು.

ಧಣಿ ಒಂದು ಬೆಳಿಗ್ಗೆ ಎಲ್ಲರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು, ಇನ್ನು ಮೇಲೆ ಬಿಲ್ಲಿನಲ್ಲೇ ನೂರಕ್ಕೆ ಹತ್ತು ಸೇರಿಸುತ್ತೇವೆ ಎಂದರು. "ಯಾರಾದ್ರೂ ಕೇಳಿದ್ರೆ ನಮಗೇ ಸೇರುತ್ತೆ ಅನ್ನಿ. ಕೇಳದೆ ಇದ್ದೋರ ಹತ್ರ ನೀವಾಗಿ ಬಾಯಿ ಬಿಡಬೇಡಿ."

"ಸೇರುತ್ತಾ ಧಣಿ?" ಅಡುಗೆಯವನು ಕೇಳಿದ.

"ನೀವು ಒಡೆಯೋ ಪ್ಲೇಟು ಮತ್ತೆ ಯಾರಪ್ಪನ ದುಡ್ಡಲ್ಲಿ ಬರುತ್ತೆ?"

ಅಲ್ಲಿಗೆ ಮಾತು ಮುಗಿಯಿತು.

ಅಂದು ಮಧ್ಯಾಹ್ನ ದರ್ಜಿ ಕನ್ನಡಕ ಹಾಕಿಕೊಂಡು ಬಿಲ್ಲನ್ನು ಬಟ್ಟೆಯ ಅಳತೆ ನೋಡುವವರಂತೆ ಉದ್ದಕ್ಕೂ ನೋಡಿದರು. "ಇದೇನಮ್ಮ ಹೊಸದು? ಇದು ನಿಮಗೆ ಬರುತ್ತಾ?"

ಗಲ್ಲಾದಲ್ಲಿ ಕೂತ ಚಿಲ್ಲರೆ ಮಾವ ಇತ್ತಲೇ ನೋಡುತ್ತಿದ್ದ. ಯಾವ ನೋಟು ಕೊಟ್ಟರೂ ಚಿಲ್ಲರೆ ಇಲ್ಲ ಎನ್ನುವ ಅವನಿಗೆ ಆ ಹೆಸರು ಇಟ್ಟವಳು ಅಕ್ಕನೇ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಧಣಿಯ ಕಿವಿಗೆ ಬೀಳುತ್ತಿತ್ತು.

"ಹೂಂ, ನಮಗೇ ಬರುತ್ತೆ," ಎಂದಳು ಅಕ್ಕ.

"ಹಾಗಾದ್ರೆ ಒಳ್ಳೇದೇ ಆಯ್ತು. ನಾನು ಮರೆತ್ರೂ ಬಿಲ್ಲು ಮರೆಯಲ್ಲ." ಮಡಿಸಿ ಹಿಡಿದಿದ್ದ ನೋಟು ಅವರ ಜೇಬಿಗೆ ವಾಪಸು ಹೋಯಿತು. ಅದು ಹೋಗುವುದನ್ನು ಅವಳು ಕಣ್ಣಾರೆ ನೋಡಿದಳು.

ಸುಳ್ಳು ಹೇಳಿದವಳು ಅವಳು, ನಂಬಿದವರು ಅವರು. ಆದರೂ ಅವಳಿಗೆ ಸಿಟ್ಟು ಬಂದದ್ದು ಅವರ ಮೇಲೆಯೇ. ಧಣಿಯ ಮೇಲೆ ಸಿಟ್ಟು ಮಾಡಿಕೊಂಡರೆ ಕೆಲಸ ಹೋಗುತ್ತದೆ. ದರ್ಜಿಯ ಮೇಲೆ ಮಾಡಿಕೊಂಡರೆ ಏನೂ ಹೋಗುವುದಿಲ್ಲ. ಇಷ್ಟು ವರ್ಷ ಬದುಕಿದ ಮನುಷ್ಯನಿಗೆ ಇಷ್ಟೂ ತಿಳಿಯಬಾರದೇ ಎಂದು ಒಳಗೊಳಗೇ ಕುದಿದಳು. ಬಿಸಿನೀರು ಮೊದಲು ನಿಂತಿತು. ಆಮೇಲೆ ಅವರ ಸೂಪು ಅಡುಗೆಮನೆಯ ಕಿಟಕಿಯಲ್ಲೇ ಆರತೊಡಗಿತು. ದರ್ಜಿ ಆರಿದ್ದನ್ನೇ ಕುಡಿದು ಏಳುತ್ತಿದ್ದರು. ಗದ್ದಲದ ಹೊತ್ತು, ಪಾಪ, ಅವಳಿಗೂ ಎರಡೇ ಕೈ ಎಂದುಕೊಂಡಿರಬೇಕು.

ಮೂರನೆಯ ವಾರದ ಒಂದು ದಿನ ಬಾಗಿಲ ಬಳಿಯ ದೊಡ್ಡ ಟೇಬಲ್ಲಿಗೆ ಒಂದು ಕುಟುಂಬ ಬಂದಿತ್ತು. ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಖುಷಿ. ಕೈ ಬಿಚ್ಚಿ ಕೊಡುವ ಜನ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಅಕ್ಕ ಅವರಿಗೆ ಬಡಿಸುತ್ತಿದ್ದಾಗ ನಾಲ್ಕನೇ ಟೇಬಲ್ಲಿನಿಂದ ಕೆಮ್ಮು ಕೇಳಿಸಿತು. ತಿರುಗಿ ನೋಡಿದಳು. ಎರಡು ಬೆರಳು ಮೇಲೆದ್ದಿದ್ದವು. ದರ್ಜಿಯ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು.

ಅವಳು ಮುಖ ತಿರುಗಿಸಿ ಮಗುವಿನ ಅಜ್ಜನ ತಟ್ಟೆಗೆ ಇನ್ನೊಂದು ಚಮಚ ಬಡಿಸಿದಳು.

ಮತ್ತೆ ನೋಡುವಷ್ಟರಲ್ಲಿ ಅವರೇ ಎದ್ದು ಬಂದು, ಕೌಂಟರಿನ ಮೇಲಿದ್ದ ಜಗ್ಗಿನಿಂದ ನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಕುಡಿದ ಮೇಲೂ ಕೌಂಟರಿನ ಅಂಚು ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಿಲ್ಲಿನ ದುಡ್ಡು ಕೊಟ್ಟು, "ಬರ್ತೀನಿ ತಂಗಿ," ಎಂದು ರಸ್ತೆ ದಾಟಿದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ವಾರ್ಡಿನ ಆಯಾ ಟೀ ಕಟ್ಟಿಸಿಕೊಳ್ಳಲು ಬಂದಾಗ ಹೇಳಿದಳು: "ಆ ಕಾಲಿನ ಪೇಶೆಂಟಿನ ಯಜಮಾನ್ರು ಹೋಗ್ಬಿಟ್ರು ಅಕ್ಕ. ಇಲ್ಲಿಂದ ಊಟ ಮುಗಿಸಿ ಬಂದೋರು ಎರಡನೇ ಮಹಡಿ ಮೆಟ್ಟಲ ಮೇಲೆ ಕೂತ್ರು. ಕೂತೋರು ಏಳಲೇ ಇಲ್ಲ. ಪಾಪ, ಆಯಮ್ಮನಿಗೆ ಸಂಜೆವರೆಗೂ ಹೇಳಿರಲಿಲ್ಲ."

ಅಕ್ಕ ಟೀ ಕಟ್ಟಿಕೊಟ್ಟಳು. ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಸಾವಿನ ಸುದ್ದಿ ಹೊಸದಲ್ಲ.

ಮರುದಿನ ಹನ್ನೆರಡೂವರೆಗೆ ಅವಳು ಬ್ರೆಡ್ಡಿನ ಬುಟ್ಟಿ ಹಿಡಿದು ಹೊರಟಿದ್ದಾಗ ಕಣ್ಣಂಚಿನಲ್ಲಿ, ನಾಲ್ಕನೇ ಟೇಬಲ್ಲಿನಲ್ಲಿ, ಎರಡು ಬೆರಳು ಮೇಲೆದ್ದವು. ಅಭ್ಯಾಸಬಲದಿಂದ ಬುಟ್ಟಿ ಕೆಳಗಿಟ್ಟು ಜಗ್ಗು ಹಿಡಿದು ಓಡಿದಳು. ಟೇಬಲ್ಲು ಖಾಲಿ. ಕುರ್ಚಿ ಮಾತ್ರ ಯಾರೋ ಎದ್ದು ಹೋದಂತೆ ಓರೆಯಾಗಿ ಹಿಂದಕ್ಕೆ ಸರಿದಿತ್ತು. ಬಂದವಳು ಸುಮ್ಮನೆ ವಾಪಸು ಹೋಗಬಾರದೆಂದೋ ಏನೋ, ಒಂದು ಲೋಟ ನೀರು ಬಗ್ಗಿಸಿಟ್ಟು ಬಂದಳು.

"ಯಾರಿಗಕ್ಕಾ ನೀರು?" ಚಿಲ್ಲರೆ ಮಾವ ಕೇಳಿದ.

"ಬರ್ತಾರೆ," ಎಂದಳು.

ಗಿರಾಕಿಗಳ ಸದ್ದು ಇಳಿದ ಮೇಲೆ ಟೇಬಲ್ಲು ಒರೆಸಲು ಹೋದರೆ ಲೋಟ ಬರಿದಾಗಿತ್ತು. ಯಾರು ಕುಡಿದರೆಂದು ಅವಳು ಕೇಳಲಿಲ್ಲ. ಕೇಳುವ ಧೈರ್ಯ ಅವಳಿಗಿರಲಿಲ್ಲ.

ಅಂದಿನಿಂದ ದಿನವೂ ಹಾಗೆಯೇ. ಟೇಬಲ್ಲುಗಳನ್ನು ಬಡಿಸುವ ಇನ್ನೊಬ್ಬಳೊಂದಿಗೆ ಬದಲಾಯಿಸಿಕೊಂಡಳು. ಕೈ ಅವಳಿದ್ದ ಕಡೆಗೇ ಬಂತು. ಭಾನುವಾರ ಮನೆಯಲ್ಲಿ ಊಟಕ್ಕೆ ಕೂತಾಗ ಬಾಗಿಲ ಬಳಿ ಕೆಮ್ಮು ಕೇಳಿಸಿ ಎದ್ದು ಹೋದಳು. ಗಂಡ, "ನಿದ್ದೆಗೆಟ್ಟಿದೀಯ, ರಜೆ ಹಾಕು," ಎಂದ. ಅತ್ತೆ ಮಾತ್ರ ತುತ್ತು ಕೈಯಲ್ಲೇ ಹಿಡಿದು ಅವಳ ಮುಖ ನೋಡಿದರು.

"ಯಾರಿಗೆ ಏನು ಕೊಡದೆ ಬಂದಿದೀಯೇ?"

ಅಕ್ಕ ಅರ್ಧ ಉಂಡ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದಳು.

ತಿಂಗಳು ಕಳೆಯಿತು. ಒಂದು ಮಂಗಳವಾರ ಮಧ್ಯಾಹ್ನ ಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡ, ಊರುಗೋಲು ಹಿಡಿದ ಹೆಂಗಸೊಬ್ಬರು ಬಂದರು. ಟೇಬಲ್ಲುಗಳನ್ನು ಬೆರಳಿನಲ್ಲಿ ಎಣಿಸಿ ನಾಲ್ಕನೆಯದಕ್ಕೆ ಹೋಗಿ ಕೂತರು. ಅಕ್ಕನಿಗೆ ಅವರು ಯಾರೆಂದು ಹೇಳಬೇಕಾಗಲಿಲ್ಲ.

"ಅಕ್ಕ ಅಂತಾರಲ್ಲ, ಅದು ನೀನೇನಮ್ಮಾ?"

"ಹೂಂ."

"ದಿನಾ ನಿನ್ನ ಮಾತು ಹೇಳೋರು. ಹೋಟ್ಲಲ್ಲಿ ಒಂದು ತಂಗಿ ಸಿಕ್ಕಿದಾಳೆ, ನಾನು ಕೂರೋದ್ರೊಳಗೆ ಬಿಸಿನೀರು ಇಟ್ಟಿರ್ತಾಳೆ ಅಂತ. ನಾನು ಮೇಲೆ ಮಲಗಿದ್ದೋಳು, ಅವರು ಉಂಡ್ರೋ ಬಿಟ್ರೋ ಅಂತ ಯೋಚನೆ ಇರಲಿಲ್ಲ. ನೀನಿದ್ಯಲ್ಲ." ಆಕೆ ಸೆರಗಿನಿಂದ ಮೂಗೊರೆಸಿಕೊಂಡರು. "ಒಂದು ಕೇಳೋಣ ಅಂತ ಬಂದೆ. ಆವತ್ತು ಸರಿಯಾಗಿ ಊಟ ಮಾಡಿದ್ರಾ? ಕೊನೇ ಸಲ ಅವರಿಗೆ ನೀರು ಕೊಟ್ಟೋಳು ನೀನೇ ಅಲ್ವಾ?"

ಹೌದು ಎಂದರೆ ಸಾಕಿತ್ತು. ಆಕೆ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಅಷ್ಟರಲ್ಲಿ ಆಕೆಯ ಹೆಗಲ ಹಿಂದೆ, ಗೋಡೆಯ ಪಕ್ಕ, ಎರಡು ಬೆರಳು ನಿಧಾನಕ್ಕೆ ಮೇಲೆದ್ದವು.

"ಇಲ್ಲಮ್ಮ," ಎಂದಳು ಅಕ್ಕ. "ಕೈ ಎತ್ತಿದ್ರು. ನಾನು ನೋಡಿದೆ. ನೋಡಿ ಆ ಕಡೆ ತಿರುಗಿದೆ. ಅವರೇ ಎದ್ದು ಹೋಗಿ ಕುಡಿದ್ರು."

"ಯಾಕೆ?"

"ಟಿಪ್ಸು ನಿಲ್ಲಿಸಿದ್ರು ಅಂತ."

ಆಕೆ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡರು. ಕೊನೆಗೆ, "ಬಿಲ್ಲಲ್ಲೇ ನಿನಗೆ ಬರುತ್ತೆ ಅಂತ ಹೇಳಿದ್ಯಂತಲ್ಲ?" ಎಂದರು.

"ಸುಳ್ಳು ಹೇಳಿದೆ. ಒಂದು ಪೈಸೆನೂ ಬರಲ್ಲ. ಧಣಿಗೇ ಹೋಗುತ್ತೆ."

ಅವಳ ದನಿ ಅವಳಿಗೇ ತಿಳಿಯದಂತೆ ಏರಿತ್ತು. ಚಮಚಗಳ ಸದ್ದು ನಿಂತಿತು. ಬಾಗಿಲ ಬಳಿ ಕೂತಿದ್ದವನೊಬ್ಬ ತನ್ನ ಬಿಲ್ಲು ತೆಗೆದು ನೋಡಿದ. ಇನ್ನೊಬ್ಬ ಎದ್ದು ಗಲ್ಲಾಕ್ಕೆ ಹೋಗಿ, "ಈ ಸರ್ವಿಸ್ ಚಾರ್ಜ್ ತೆಗೀರಿ ಸ್ವಾಮಿ," ಎಂದ. ಚಿಲ್ಲರೆ ಮಾವ ಒಳಗೆ ಓಡಿದ. ಧಣಿ ಹೊರಗೆ ಬಂದರು.

ಅರ್ಧ ಗಂಟೆಯಲ್ಲಿ ಅಕ್ಕ ಯೂನಿಫಾರಂ ಕೋಟು ಕಳಚಿ ಮಡಿಸಿಟ್ಟು ಹಿಂಬಾಗಿಲಿನಿಂದ ಹೊರಬಿದ್ದಳು. ಹನ್ನೊಂದು ವರ್ಷ ತಿಂದ ಮನೆಗೇ ಎರಡು ಬಗೆದಳು ಎಂದು ಧಣಿ ಕೂಗುತ್ತಿದ್ದುದು ಓಣಿಯವರೆಗೂ ಕೇಳುತ್ತಿತ್ತು. ದರ್ಜಿಯ ಹೆಂಡತಿ ಆಗಲೇ ಎದ್ದು ಹೋಗಿದ್ದರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ.

ಎರಡು ವಾರ ಅಲೆದ ಮೇಲೆ ಆಯಾಳ ಮಾತಿನಿಂದ ಆಸ್ಪತ್ರೆಯ ಕ್ಯಾಂಟೀನಿನಲ್ಲೇ ಕೆಲಸ ಸಿಕ್ಕಿತು. ಅಲ್ಲಿ ಟೋಕನ್ ಕೊಟ್ಟು ಜನ ತಾವೇ ತಟ್ಟೆ ಎತ್ತಿಕೊಂಡು ಹೋಗಬೇಕು. ಟಿಪ್ಸಿನ ಮಾತೇ ಇಲ್ಲ. "ಇನ್ನು ಹೊಟ್ಟೆಗೆ ಏನು ಲೆಕ್ಕ ಹಾಕಲಿ?" ಎಂದು ಅತ್ತೆ ಗೊಣಗಿದರು, ಗೊಣಗಿ, ಪಕ್ಕದ ಮನೆಯ ಕೂಸನ್ನು ಹಗಲು ನೋಡಿಕೊಳ್ಳುವ ಕೆಲಸ ತಾವೇ ಹಿಡಿದರು. ಕ್ಯಾಂಟೀನಿನ ಬಾಗಿಲಿನಿಂದ ಎರಡನೇ ಮಹಡಿಗೆ ಹೋಗುವ ಮೆಟ್ಟಿಲು ಕಾಣುತ್ತಿತ್ತು. ಹನ್ನೆರಡೂವರೆಗೆ ಕೈ ಅಲ್ಲಿಯೂ ಏಳುತ್ತಿತ್ತು.

ಮಂಗಳವಾರಗಳಂದು ಕಾಲಿನ ಪಟ್ಟಿ ಬದಲಾಯಿಸಿಕೊಳ್ಳಲು ದರ್ಜಿಯ ಹೆಂಡತಿ ಬರುತ್ತಿದ್ದರು. ಮೊದಲ ಸಲ ಅವಳನ್ನು ಕಂಡು ಹಾಗೇ ಹೋದರು. ಎರಡನೆಯ ಸಲ ಸೂಪು ತೆಗೆದುಕೊಂಡು ಕೂತರು. ಮೂರನೆಯ ಸಲ ಅಕ್ಕ ಬಿಸಿನೀರು ತಂದಿಟ್ಟಾಗ ಅವಳ ಮಣಿಕಟ್ಟು ಹಿಡಿದರು.

"ಆವತ್ತು ಮಾತಾಡ್ತಾ ಮಾತಾಡ್ತಾ ನನ್ನ ಹಿಂದೆ ಏನೋ ನೋಡ್ತಿದ್ದೆ ನೀನು. ಏನದು?"

ಅಕ್ಕ ಹೇಳಿಬಿಟ್ಟಳು. ಮೊದಲ ದಿನದ ಬರಿ ಲೋಟದಿಂದ ಹಿಡಿದು ಎಲ್ಲವನ್ನೂ. ಆಕೆ ಹೆದರಲಿಲ್ಲ. ಆಕೆಯ ಮುಖದಲ್ಲಿ ಕಂಡದ್ದು ಹೊಟ್ಟೆಕಿಚ್ಚು.

"ನಲವತ್ತು ವರ್ಷ ಸಂಸಾರ ಮಾಡಿದೋಳು ನಾನು. ಕನಸಲ್ಲೂ ಬಂದಿಲ್ಲ ನನಗೆ." ಮುಂದಕ್ಕೆ ಬಾಗಿ ತಗ್ಗಿದ ದನಿಯಲ್ಲಿ, "ಇವತ್ತು ಬಂದಿದ್ರಾ?" ಎಂದರು.

"ಬಂದಿದ್ರು."

"ಯಾವ ಶರ್ಟು?"

"ತೋಳು ಅಷ್ಟೇ ಕಾಣೋದಮ್ಮ. ಕಂದು ಚೌಕಳಿ."

"ಅದರ ಗುಂಡಿ ನಾನೇ ಹೊಲಿದಿದ್ದು. ದರ್ಜಿ ಮನೇಲಿ ದರ್ಜಿ ಶರ್ಟಿಗೇ ಗುಂಡಿ ಇರ್ತಿರಲಿಲ್ಲ ನೋಡು," ಎಂದು ಆಕೆ ನಕ್ಕರು. ನಗುತ್ತಲೇ ಅತ್ತರು.

ಆಮೇಲಿನ ಮಂಗಳವಾರಗಳಲ್ಲಿ ಆಕೆ ಬಂದು ಕೂತೊಡನೆ ಕೇಳುವ ಮಾತು ಅದೊಂದೇ. ಅಕ್ಕ ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದಳು: ಇವತ್ತು ಕೆಮ್ಮು ಕಡಿಮೆ ಇತ್ತು, ಇವತ್ತು ಕೈ ಬೇಗ ಇಳಿಯಿತು. ಅಷ್ಟು ಕೇಳಿಕೊಂಡು ಆಕೆ ಸೂಪು ಮುಗಿಸುತ್ತಿದ್ದರು.

ಕ್ಯಾಂಟೀನಿಗೆ ಸೇರಿದ ನಾಲ್ಕನೆಯ ತಿಂಗಳಲ್ಲಿ ಒಂದು ಗುರುವಾರ ಹನ್ನೆರಡೂವರೆ ಕಳೆದು ಒಂದು ಗಂಟೆಯಾಯಿತು. ಕೈ ಏಳಲಿಲ್ಲ. ಶುಕ್ರವಾರವೂ ಇಲ್ಲ, ಶನಿವಾರವೂ ಇಲ್ಲ. ಅಕ್ಕನಿಗೆ ಪೀಡೆ ತೊಲಗಿತೆಂಬ ಹಗುರ ಬರಲಿಲ್ಲ. ಮನೆಗೆ ಬಂದವರು ಹೇಳದೆ ಕೇಳದೆ ಎದ್ದು ಹೋದಂತೆನಿಸಿ, ತಟ್ಟೆ ಹಿಡಿದುಕೊಂಡೇ ಪದೇ ಪದೇ ಮೆಟ್ಟಿಲ ಕಡೆ ನೋಡುತ್ತಿದ್ದಳು.

ಮಂಗಳವಾರ ಆಕೆ ಬಂದರು. "ಇವತ್ತು?" ಎಂದರು.

ಬಂದಿದ್ದರು ಎನ್ನುವುದು ಎಷ್ಟು ಸುಲಭವಾಗಿತ್ತು. ಕೇಳುವವರೂ ಅದನ್ನೇ ಬಯಸಿದ್ದರು.

"ಇಲ್ಲಮ್ಮ. ಗುರುವಾರದಿಂದ ಇಲ್ಲ."

ಆಕೆ ಚಮಚ ಕೆಳಗಿಟ್ಟರು. "ನನಗೂ ಹೇಳದೆ ಹೋದ್ರು, ನಿನಗೂ ಹೇಳದೆ ಹೋದ್ರು," ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿ ಆರಿದ ಸೂಪನ್ನೇ ಕುಡಿದರು. ಏಳುವಾಗ, "ಗಾಯ ಮಾಯ್ತಂತೆ. ಇನ್ನು ಪಟ್ಟಿ ಬೇಕಿಲ್ಲ ಅಂದ್ರು ಡಾಕ್ಟರು. ಆದ್ರೂ ಬರ್ಲಾ?" ಎಂದರು.

"ಬನ್ನಿ."

ಮುಂದಿನ ಮಂಗಳವಾರ ಬಂದರು. ಏನನ್ನೂ ಕೇಳಲಿಲ್ಲ. ಅಕ್ಕ ತನ್ನ ಊಟದ ಬಿಡುವಿನಲ್ಲಿ ಎದುರಿಗೆ ಕೂತಳು. ಕ್ಯಾಂಟೀನು ತುಂಬಿತ್ತು. ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದ ಯಾರೋ ಒಬ್ಬರು ಇವರ ಪಕ್ಕದ ಕುರ್ಚಿಯ ಬೆನ್ನಿಗೆ ಕೈಯಿಟ್ಟು, "ಇಲ್ಲಿ ಯಾರಾದ್ರೂ ಇದಾರಾ?" ಎಂದು ಕೇಳಿದರು. ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ಇಬ್ಬರ ಕಣ್ಣೂ ಮೊದಲು ಆ ಖಾಲಿ ಕುರ್ಚಿಗೆ, ಆಮೇಲೆ ಮೆಟ್ಟಿಲ ಕಡೆಗೆ ಹೋಯಿತು.