ಅರ ಹಾಕಿದ ಬೆಸುಗೆ

"ಹೊಸದಂತೆ ಹೊಸದು! ಆ ಅಂಗಡಿಯವನು ನಿನ್ನ ತಲೆಗೆ ಟೋಪಿ ಹಾಕಿದಾನೆ, ನೀನು ಹಲ್ಲು ಕಿರೀತಾ ಹಾಕಿಸ್ಕೊಂಡು ಬಂದಿದೀಯ!"

"ಕೂಗಬೇಡಪ್ಪ. ಬೀದಿಗೆಲ್ಲ ಕೇಳುತ್ತೆ."

"ಕೇಳಲಿ! ನಾಲ್ಕು ವಾರ ಬೆನ್ನು ಬಗ್ಗಿಸಿ ಸೈಕಲ್ಲು ಸಿದ್ಧ ಮಾಡಿ ಕೊಟ್ರೆ ಸ್ವಂತ ಮಗಳು ಮೂಗು ಮುರೀತಾಳೆ ಅಂತ ಬೀದಿಗೂ ಗೊತ್ತಾಗಲಿ. ಈ ಊರಿನ ಅರ್ಧ ಗೇಟು ನಿಂತಿರೋದು ನನ್ನ ಕೈ ಮೇಲೆ. ಒಬ್ಬನೂ ಇದುವರೆಗೆ ಬೇಡ ಅಂದಿಲ್ಲ."

"ನಾನೂ ಬೇಡ ಅನ್ನಲಿಲ್ಲ. ಭಾರ ಅಂದೆ."

"ಭಾರ! ನಿನ್ನ ನಾಲಿಗೆಗೆ ಇಲ್ಲದ ಭಾರ ಸೈಕಲ್ಲಿಗೆ ಎಲ್ಲಿಂದ ಬಂತು?"

ಶೆಡ್ಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ಸೋದರತ್ತೆ ಕಾಣಿಸಿಕೊಂಡಳು. ಕೈಯಲ್ಲಿ ಅರ್ಧ ಸಿಪ್ಪೆ ತೆಗೆದ ಆಲೂಗಡ್ಡೆ. "ಈ ಮನೇಲಿ ಬಾಯಿ ಮುಚ್ಚಿಕೊಂಡು ನಿಂತಿರೋದು ಆ ಸೈಕಲ್ಲು ಒಂದೇ," ಎಂದಳು. "ನೀವಿಬ್ಬರೂ ಅದನ್ನ ನೋಡಿ ಕಲೀರಿ."

ಯಾರೂ ನಗಲಿಲ್ಲ. ಅವಳೂ ನಗಿಸಲಿಕ್ಕೆ ಹೇಳಿದ್ದಲ್ಲ.

ಅಪ್ಪ ವೆಲ್ಡಿಂಗ್ ಮಾಡುವವನು. ಬೀದಿಯವರು ಅವನನ್ನು ಕಿಡಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕೈಯಿಂದ ಹಾರುವ ಕಿಡಿಗೆ ಆ ಹೆಸರೋ ಬಾಯಿಂದ ಹಾರುವ ಕಿಡಿಗೋ, ಯಾರೂ ಬಿಡಿಸಿ ಹೇಳಿದವರಿಲ್ಲ. ಮಗಳು ಆರೋಗ್ಯ ಕೇಂದ್ರದಲ್ಲಿ ನರ್ಸ್. ಊರಂಚಿನ ಕಲ್ಲು ಏರಿಯನ್ನು ಇಳಿದರೆ ಸಮುದ್ರದ ಅಂಚಿನ ಮರಳು, ಅದರುದ್ದಕ್ಕೂ ಅಲ್ಲೊಂದು ಇಲ್ಲೊಂದು ಹನ್ನೊಂದು ಮನೆ. ವಾರಕ್ಕೆ ನಾಲ್ಕು ದಿನ ಅವಳು ಆ ಮನೆಗಳಿಗೆ ಹೋಗಬೇಕು. ಒಬ್ಬರಿಗೆ ಕಾಲಿನ ಗಾಯ ತೊಳೆದು ಕಟ್ಟುವುದು, ಒಬ್ಬರಿಗೆ ಸೂಜಿ ಚುಚ್ಚುವುದು, ಹಾಸಿಗೆ ಹಿಡಿದ ಇನ್ನೊಬ್ಬರನ್ನು ಮಗ್ಗುಲು ಹೊರಳಿಸಿ ಬೆನ್ನು ಒರೆಸುವುದು. ಮಾಮೂಲಿ ಸೈಕಲ್ಲು ಆ ಮರಳಿನಲ್ಲಿ ಅರ್ಧ ಚಕ್ರ ಹೂತುಹೋಗುತ್ತದೆ. ನಡೆದೇ ಹೋಗಿ ಹೋಗಿ ಅವಳ ಮಂಡಿ ಸವೆದಿತ್ತು. ಮರಳಿಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್ಲು ಬೇಕಿತ್ತು. ಒಂದೊಂದು ಟೈರೂ ದುಡಿಯುವವನ ತೋಳಿನಷ್ಟು ದಪ್ಪ ಇರುವಂಥದ್ದು.

ಅಂಥವು ಈಗ ಅವಳ ಮುಂದೆ ಎರಡು. ಒಂದು, ಪೇಟೆಯ ಅಂಗಡಿಯಲ್ಲಿ ಗಾಜಿನ ಹಿಂದೆ ನಿಂತ ಹೊಸದು: ಅಲ್ಯೂಮಿನಿಯಂ ಮೈ, ಒಂದೇ ಕೈಯಲ್ಲಿ ಎತ್ತಬಹುದು. ಇನ್ನೊಂದು, ಈ ಶೆಡ್ಡಿನ ನಡುವೆ ಹಸಿರು ಬಣ್ಣ ಬಳಿಸಿಕೊಂಡು ನಿಂತ ಹಳೆಯದು. ಕಡಲ ದಂಡೆ ಕಾಯುವವನೊಬ್ಬ ಎಂಟು ವರ್ಷ ತುಳಿದು, ಹ್ಯಾಂಡಲ್ಲಿನ ಕೆಳಗೆ ಫ್ರೇಮು ಬಿರುಕು ಬಿಟ್ಟ ಮೇಲೆ ಮೂಲೆಗೆಸೆದದ್ದು. ಅಪ್ಪ ಅದನ್ನು ಎತ್ತಿಕೊಂಡು ಬಂದು, ಬಿರುಕಿಗೆ ಬೆಸುಗೆ ಹಾಕಿ, ಚಕ್ರ ಬಿಚ್ಚಿ ಗ್ರೀಸ್ ತುಂಬಿ, ಹಿಂದುಗಡೆ ಅವಳ ಔಷಧಿ ಪೆಟ್ಟಿಗೆಗೆ ಸರಿಯಾಗಿ ಕೂರುವ ಕ್ಯಾರಿಯರ್ ಮಾಡಿದ್ದ. ಆ ಪೆಟ್ಟಿಗೆಯ ಅಳತೆಯನ್ನು ಅವಳಿಗೆ ಗೊತ್ತಾಗದ ಹಾಗೆ ಯಾವಾಗಲೋ ತೆಗೆದುಕೊಂಡಿದ್ದ. ಅಷ್ಟು ಪ್ರೀತಿ.

ಭಾರ ಎನ್ನುವುದು ನೆಪ. ಮೂರು ದಿನದ ಹಿಂದೆ, ಅಪ್ಪ ಊಟ ಮಾಡಿ ಮಲಗಿದ್ದಾಗ, ಅವಳು ಟಾರ್ಚು ಹಿಡಿದು ಆ ಬೆಸುಗೆಯನ್ನು ನೋಡಿದ್ದಳು. ನೋಡಿದವಳೇ ಟಾರ್ಚನ್ನು ಇನ್ನೂ ಹತ್ತಿರ ಹಿಡಿದು ಬೆರಳಿಂದ ಸವರಿದ್ದಳು.

ಅವಳು ಹುಟ್ಟಿ ಬೆಳೆದದ್ದು ಈ ಶೆಡ್ಡಿನ ಹೊಗೆಯಲ್ಲಿ. ಅಪ್ಪನ ಬೆಸುಗೆ ಹೇಗಿರುತ್ತದೆ ಎಂದು ಅವಳಿಗೆ ಕಣ್ಣು ಕಟ್ಟಿದರೂ ಗೊತ್ತು. ಮೀನಿನ ಹುರುಪೆಯಂತೆ ಒಂದರ ಮೇಲೊಂದು, ಒಂದೇ ಅಳತೆಯಲ್ಲಿ, ಸಾಲಾಗಿ ಕೂತಿರುತ್ತಿತ್ತು. ಅದರ ಮೇಲೆ ಅವನು ಎಂದೂ ಅರ ಆಡಿಸಿದವನಲ್ಲ. ಉಜ್ಜಿ ನುಣ್ಣಗೆ ಮಾಡುವುದು ಕೈ ಬಾರದವರ ಕೆಲಸ, ಹುಳುಕು ಇರುವವನೇ ಉಜ್ಜುವುದು ಎಂದು ಎಷ್ಟು ಜನ ಕೆಲಸಗಾರರನ್ನು ಅವನು ಇದೇ ಬಾಗಿಲಿಂದ ಆಚೆಗಟ್ಟಿದ್ದನೋ. ಆ ಮನುಷ್ಯ ಈ ಒಂದು ಬೆಸುಗೆಗೆ ಅರ ಹಾಕಿದ್ದ. ಗಾಜಿನಂತೆ ಉಜ್ಜಿ, ಮೇಲೆ ಮೂರು ಸಲ ಬಣ್ಣ ಬಳಿದಿದ್ದ.

ಅವನಿಗೆ ಕಣ್ಣು ಕಾಣುತ್ತಿಲ್ಲ ಎಂದು ಅವಳಿಗೆ ಎರಡು ವರ್ಷದಿಂದ ಅನುಮಾನವಿತ್ತು. ಎದುರಿಗಿದ್ದವರನ್ನು ಅವನು ನೆಟ್ಟಗೆ ನೋಡುತ್ತಿರಲಿಲ್ಲ. ಕಾಳು ನೋಡುವ ಕೋಳಿಯ ಹಾಗೆ ತಲೆ ಓರೆ ಮಾಡಿ ಪಕ್ಕದಿಂದ ನೋಡುತ್ತಿದ್ದ. ನೋಟದ ನಡುಭಾಗ ಹೋಗಿ ಅಂಚು ಮಾತ್ರ ಉಳಿದವರು ಹಾಗೆ ನೋಡುತ್ತಾರೆ, ಅಂಥವರು ಅವಳ ಹನ್ನೊಂದು ಮನೆಯಲ್ಲೇ ಇಬ್ಬರಿದ್ದರು. ಒಮ್ಮೆ ಡಾಕ್ಟರ ಹತ್ತಿರ ಹೋಗೋಣ ಎಂದದ್ದಕ್ಕೆ ಅವನು ಇಕ್ಕಳ ಎಸೆದಿದ್ದ. ಗೋಡೆಗೆ ಎಸೆದದ್ದೇ, ಅವಳಿಗಲ್ಲ. ಆದರೂ ಆಮೇಲೆ ಅವಳು ಆ ಮಾತು ಎತ್ತಿರಲಿಲ್ಲ. ಹೇಡಿತನ ಎಂದರೆ ಹೇಡಿತನವೇ.

ಏರಿಯಿಂದ ಮರಳಿಗೆ ಇಳಿಯುವ ಕಲ್ಲಿನ ಇಳಿಜಾರು ಕಡಿದಾದದ್ದು. ಅಲ್ಲಿ ಹ್ಯಾಂಡಲ್ಲು ಕಿತ್ತು ಬಂದರೆ ಮೊದಲು ಕಲ್ಲಿಗೆ ತಾಗುವುದು ಹಲ್ಲು, ಆಮೇಲೆ ಕತ್ತು. ಅದು ಅವಳಿಗೂ ಗೊತ್ತು, ಅಪ್ಪನಿಗೂ ಗೊತ್ತು.

"ಸರಿ, ಭಾರ ಅಂತೀಯ," ಎಂದ ಅಪ್ಪ, ಈಗ ದನಿ ಇಳಿಸಿ, ಗಿರಾಕಿಗೆ ಹೇಳುವಂತೆ. "ಮರಳಿನಲ್ಲಿ ಭಾರ ಇದ್ರೇ ಒಳ್ಳೇದು, ಗಾಳಿಗೆ ವಾಲಲ್ಲ. ಮುಂದೆ?"

"ಬ್ರೇಕು ಹಳೇದು."

"ನಿನ್ನೆ ಹೊಸ ತಂತಿ ಹಾಕಿದೀನಿ. ಮುಂದೆ?"

"ಗೇರು ಕಡಿಮೆ."

"ನೀನೇನು ಪಂದ್ಯಕ್ಕೆ ಹೋಗ್ತೀಯಾ? ಮುದುಕರ ಬೆನ್ನು ಒರೆಸೋಕೆ ಹೋಗೋಳಿಗೆ ಇಪ್ಪತ್ತು ಗೇರು ಯಾಕೆ? ಮುಂದೆ?"

"ಬಣ್ಣ..."

"ನಲವತ್ತರ ಹತ್ತಿರ ಬಂದಳು, ಬಣ್ಣ ಬೇಕಂತೆ," ಎಂದಳು ಅತ್ತೆ.

"ನೀನು ಸುಮ್ಮನಿರು ಅಕ್ಕ. ಇವಳು ಸುತ್ತಿ ಬಳಸಿ ಮಾತಾಡ್ತಿದಾಳೆ. ಹೊಟ್ಟೇಲಿ ಇರೋದು ಬೇರೆ, ಬಾಯಲ್ಲಿ ಬರ್ತಿರೋದು ಬೇರೆ." ಅವನು ಸೀಟಿನ ಮೇಲೆ ಅಂಗೈಯಿಂದ ಬಡಿದ. "ನಾನೇ ಇದರ ಮೇಲೆ ನಿಂತು ಕುಣಿದು ನೋಡಿದೀನಿ, ಗೊತ್ತಾ? ಈ ವಯಸ್ಸಿನಲ್ಲಿ! ಬಾಗಿಲು ಹಾಕಿಕೊಂಡು ಹುಚ್ಚನ ಹಾಗೆ ಕುಣಿದೆ. ಅಲ್ಲಾಡಲಿಲ್ಲ. ಇನ್ನೇನು ಬೇಕು ನಿನಗೆ?"

ಬಾಗಿಲು ಹಾಕಿಕೊಂಡು ಕುಣಿದ ಅಪ್ಪನನ್ನು ಅವಳು ಕಲ್ಪಿಸಿಕೊಂಡಳು. ನಂಬಿಕೆಯಿದ್ದವನು ಯಾಕೆ ಕುಣಿದು ನೋಡುತ್ತಾನೆ? ಇಡೀ ಬದುಕಿನಲ್ಲಿ ಅವನು ಮಾಡಿದ ಯಾವ ಏಣಿಯ ಮೇಲೆ ಹೀಗೆ ಕುಣಿದಿದ್ದ?

"ಅರ ಯಾಕೆ ಹಾಕಿದೆ, ಅಪ್ಪ?"

ಆಲೂಗಡ್ಡೆ ಹೆರೆಯುತ್ತಿದ್ದ ಅತ್ತೆಯ ಕೈ ನಿಂತಿತು.

"ಯಾವ ಅರ?"

"ಹ್ಯಾಂಡಲ್ಲಿನ ಕೆಳಗೆ. ಉಜ್ಜಿದೀಯ."

"ನೋಡೋಕೆ ಚೆನ್ನಾಗಿರಲಿ ಅಂತ."

"ನೀನು ಯಾವತ್ತು ಚೆಂದ ನೋಡಿದವನು?"

ಅವನ ಮುಖ ಕಪ್ಪಿಟ್ಟಿತು. ಅವನು ತಿರುಗಿ, ಗೋಡೆಯ ಮೊಳೆಯಿಂದ ಕತ್ತರಿಸುವ ಗ್ರೈಂಡರನ್ನು ತೆಗೆದು, ತಡಕಾಡಿ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿದ. ಎರಡು ಸಲ ಪ್ಲಗ್ಗಿನ ಪಕ್ಕಕ್ಕೆ ತಾಗಿತು, ಮೂರನೇ ಸಲ ಕೂತಿತು.

"ಏನು ಮಾಡ್ತೀಯೋ?" ಎಂದು ಅತ್ತೆ ಕಿರುಚಿದಳು.

"ಕೊಯ್ದು ತೋರಿಸ್ತೀನಿ. ನನ್ನ ಬೆಸುಗೆ ಒಳಗೆ ಏನಿದೆ ಅಂತ ಇವಳು ಕಣ್ಣಾರೆ ನೋಡಲಿ. ನೋಡಿ ಬಾಯಿ ಮುಚ್ಚಲಿ."

"ಕೊಯ್ದ ಮೇಲೆ ಸೈಕಲ್ಲು ಎಲ್ಲಿರುತ್ತೋ, ಬುದ್ಧಿಗೇಡಿ! ನಾಲ್ಕು ವಾರದ ಕೆಲಸ!"

"ಅಪ್ಪ, ಬೇಡ. ನಾನು ಇದನ್ನೇ ತಗೋತೀನಿ. ಬಿಡು."

"ತಗೊಂಡು ಮೂಲೆಗೆ ನಿಲ್ಲಿಸ್ತೀಯ. ನಡೆದುಕೊಂಡೇ ಹೋಗ್ತೀಯ. ನೀನು ಎಂಥವಳು ಅಂತ ನನಗೆ ಗೊತ್ತಿಲ್ಲವಾ?"

ಗ್ರೈಂಡರು ಅರಚಿತು. ತಟ್ಟೆಯಂಥ ಅಲಗು ಬೆಸುಗೆಯಿಂದ ಎರಡು ಬೆರಳಿನಷ್ಟು ಕೆಳಗೆ ತಾಗಿ, ಜಾರಿ, ಹಸಿರು ಬಣ್ಣದ ಮೇಲೆ ಉದ್ದಕ್ಕೆ ಗೀಚಿತು. ಅವನು ನಿಲ್ಲಿಸಿ ತಲೆ ಓರೆ ಮಾಡಿದ. ಮತ್ತೆ ಇಟ್ಟ. ಮತ್ತೆ ಜಾರಿತು. ಮೂರನೇ ಸಲ ಅಲಗು ಅವನ ಎಡಗೈಯ ಪಕ್ಕದಲ್ಲೇ ಹಾದುಹೋದಾಗ ಅವಳಿಗೆ ನಿಲ್ಲಲಾಗಲಿಲ್ಲ. ಹಿಂದಿನಿಂದ ಬಂದು ಅವನ ಮಣಿಕಟ್ಟು ಹಿಡಿದು, ಅಲಗನ್ನು ಬೆಸುಗೆಯ ಗೆರೆಯ ಮೇಲೆ ಇಟ್ಟಳು. ಅವನು ಕೈ ಕೊಡವಲಿಲ್ಲ. ಬರೆಯಲು ಕಲಿಯುವ ಮಗುವಿನಂತೆ ಕೈಯನ್ನು ಅವಳಿಗೆ ಬಿಟ್ಟುಕೊಟ್ಟ. ಕಿಡಿ ಅವರಿಬ್ಬರ ಕಾಲ ಮೇಲೆ ಬಿತ್ತು.

ಕೊಳವೆ ಬೇರೆಯಾಯಿತು. ಹ್ಯಾಂಡಲ್ಲಿನ ತುಂಡನ್ನು ಅವನು ಎತ್ತಿ, ಬಾಗಿಲ ಬೆಳಕಿಗೆ ಹಿಡಿದು, ತಲೆಯನ್ನು ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ. ಹೆಬ್ಬೆರಳಿಂದ ಸವರಲು ಹೋದ, ಬಿಸಿ ತಾಗಿ ಹಿಂದೆ ತೆಗೆದ. ಕೊನೆಗೆ ಅದನ್ನು ಅವಳ ಕಡೆ ಚಾಚಿದ.

"ನೀನೇ ಹೇಳು. ಒಳಗೆ ಹೇಗಿದೆ?"

ಈಗ ಸುಳ್ಳು ಹೇಳಬಹುದಿತ್ತು. ಸೈಕಲ್ಲು ಹೇಗಿದ್ದರೂ ಎರಡು ತುಂಡಾಗಿತ್ತು, ಅದನ್ನು ಇನ್ನು ಯಾರೂ ತುಳಿಯುವಂತಿರಲಿಲ್ಲ. 'ಗಟ್ಟಿಯಾಗಿದೆ, ನನ್ನದೇ ತಪ್ಪು' ಎಂದು ಒಂದು ಮಾತು ಅಂದಿದ್ದರೆ ಅಪ್ಪ ಗೆದ್ದ ಖುಷಿಯಲ್ಲಿ ಮಧ್ಯಾಹ್ನದವರೆಗೆ ಅವಳನ್ನು ಬೈದು, ಹೊಸ ಸೈಕಲ್ಲಿಗೆ ತಾನೇ ಕ್ಯಾರಿಯರ್ ಮಾಡಿಕೊಡುತ್ತಿದ್ದ. ಅವಳಿಗೆ ಬೇಕಾದದ್ದು ಸಿಗುತ್ತಿತ್ತು, ಅವನ ಮಾನವೂ ಉಳಿಯುತ್ತಿತ್ತು. ಅವಳ ನಾಲಿಗೆ ಅದಕ್ಕೆ ತಯಾರಾಗಿಯೇ ಇತ್ತು.

ಆದರೆ ಅವಳ ಕಣ್ಣು ಅಪ್ಪನ ಭುಜದಾಚೆ ಗೋಡೆಗೆ ಹೋಯಿತು. ಅಲ್ಲಿ ಒರಗಿಸಿಟ್ಟದ್ದು ಮೂರನೇ ಮಹಡಿಯ ಬಾಲ್ಕನಿಗೆ ಮಾಡಿದ ಕಟಕಟೆ. ನಾಳೆ ಒಯ್ಯುತ್ತಾರೆ. ಆ ಮನೆಯಲ್ಲಿ ಅವಳಿ ಮಕ್ಕಳು. ಕಟಕಟೆಯ ಒಂದೊಂದು ಕೂಡುಗೆಯೂ ನುಣ್ಣಗೆ ಹೊಳೆಯುತ್ತಿತ್ತು.

"ಹಿಡಿದಿಲ್ಲ ಅಪ್ಪ," ಎಂದಳು. "ಒಳಗೆ ಟೊಳ್ಳು. ಮೇಲೆ ಮಾತ್ರ ಕೂತಿದೆ."

"ಎಷ್ಟು ಟೊಳ್ಳು?"

"ಅರ್ಧಕ್ಕಿಂತ ಹೆಚ್ಚು."

"ಸರಿಯಾಗಿ ನೋಡು."

"ನೋಡಿದೆ."

"ಇನ್ನೊಂದು ಸಲ ನೋಡೇ."

ಅವಳು ನೋಡಿದಳು. ಇನ್ನೊಂದು ಸಲ ನೋಡಿದರೆ ತುಂಬಿಕೊಳ್ಳುವಂಥದ್ದಲ್ಲ ಅದು. "ಇಲ್ಲ ಅಪ್ಪ. ನಿನಗೆ ನಡುವೆ ಕಾಣೋದಿಲ್ಲ. ಎರಡು ವರ್ಷ ಆಯ್ತು, ನನಗೆ ಗೊತ್ತು. ಮೊದಲೇ ಹೇಳಬೇಕಿತ್ತು."

"ಎರಡೂವರೆ," ಎಂದ ಅವನು.

ಅತ್ತೆ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡಳು. ಎರಡೂವರೆ ವರ್ಷ ಅವನ ತಟ್ಟೆಗೆ ಬಡಿಸಿದವಳು ಅವಳು, ಅವಳಿಗೂ ಹೇಳಿರಲಿಲ್ಲ.

ಅವನು ಗ್ರೈಂಡರಿನ ವೈರನ್ನು ಮೊಣಕೈಗೂ ಅಂಗೈಗೂ ಸುತ್ತು ಹಾಕಿ ಅಚ್ಚುಕಟ್ಟಾಗಿ ಕಟ್ಟಿ ಮೊಳೆಗೆ ನೇತುಹಾಕಿದ. ಡ್ರಮ್ಮಿನ ನೀರಿನಲ್ಲಿ ಕೈ ತೊಳೆದ, ಸೋಪು ಹಚ್ಚಿ ಮತ್ತೊಮ್ಮೆ ತೊಳೆದ. ಉಗುರಿನ ಸಂದಿಯ ಕಪ್ಪು ನಲವತ್ತು ವರ್ಷದ್ದು, ಹೋಗಲಿಲ್ಲ. ಅವನು ಕೂಗಿದ್ದರೆ ಅವಳು ಎದುರು ಕೂಗುತ್ತಿದ್ದಳು.

"ಆ ಕಟಕಟೆ ಅವರಿಗೆ ಕೊಡಬೇಡ," ಎಂದ. "ಬಂದ್ರೆ ಸುಳ್ಳು ಹೇಳಬೇಡ. ಮಾಡಿದವನಿಗೆ ಕಣ್ಣಿಲ್ಲ ಅಂತಾನೇ ಹೇಳು."

"ಅಪ್ಪ, ಕೂತ್ಕೋ. ನಾಳೆ ಡಾಕ್ಟರ ಹತ್ರ..."

"ಕಳೆದ ವರ್ಷಾನೇ ಹೋಗಿದ್ದೆ. ಒಬ್ಬನೇ. ನೋಟ ವಾಪಸ್ ಬರಲ್ಲ ಅಂದ್ರು." ಅವನು ಅಂಗಿಯ ಗುಂಡಿ ಹಾಕಿಕೊಂಡ. "ಬರಲ್ಲ ಅನ್ನೋದನ್ನ ಅವರು ನಗ್ತಾ ಹೇಳಿದ್ರು. ನೀನು ನಗದೆ ಹೇಳಿದೆ. ಅಷ್ಟು ಸಾಕು."

"ಎಲ್ಲಿಗೋ ಹೊರಟೆ? ಅಡುಗೆ ಆಗ್ತಾ ಬಂತು," ಎಂದಳು ಅತ್ತೆ.

"ನೀನು ಉಣ್ಣು ಅಕ್ಕ."

ಅವನು ಬೀದಿಗಿಳಿದ. ಗೋಡೆಯ ಪಕ್ಕಕ್ಕೇ, ಅಂಚಿನ ಕಣ್ಣಿಗೆ ಸಿಕ್ಕಷ್ಟು ದಾರಿಯನ್ನೇ ನಂಬಿಕೊಂಡು, ನಿಧಾನಕ್ಕೆ ನಡೆದ. ಎದುರು ಬಂದ ಯಾರೋ ಮಾತಾಡಿಸಿದರು, ಅವನು ತಲೆಯಾಡಿಸಿದ. ಬಾಗಿಲಲ್ಲಿ ನಿಂತ ಅವಳು, ಊಟದ ಹೊತ್ತಿಗೆ ಬರುತ್ತಾನೆ, ಕೋಪ ಬಂದರೆ ಅವನಿಗೆ ಹಸಿವು ಜಾಸ್ತಿ, ಎಂದುಕೊಂಡಳು. ಅದು ಕೋಪವಲ್ಲ ಎಂದು ಅವಳಿಗೆ ಹೊಳೆದದ್ದು ಅವನು ಬೀದಿಯ ತಿರುವು ದಾಟಿದ ಮೇಲೆ. ಓಡಿ ಹೋದಳು. ಬಸ್ಸು ನಿಲ್ಲುವ ಜಾಗದಲ್ಲಿ ಬಸ್ಸೂ ಇರಲಿಲ್ಲ, ಅವನೂ ಇರಲಿಲ್ಲ.

ಸಂಜೆ ಚಿಕ್ಕಪ್ಪನ ಫೋನು ಬಂತು, ಎರಡು ಗಂಟೆ ದೂರದ ಊರಿಂದ. "ಅಣ್ಣ ಇಲ್ಲೇ ಇದಾನೆ. ಊಟ ಮಾಡಿದ. ನಿನ್ನ ಮೇಲೆ ಸಿಟ್ಟಿಲ್ಲವಂತೆ. ಆದರೆ ಆ ಬಾಗಿಲಿಗೆ ಇನ್ನು ಬರಲ್ಲ ಅಂತಾನೆ. ಶೆಡ್ಡು ಯಾರಿಗಾದರೂ ಕೊಟ್ಟುಬಿಡಬೇಕಂತೆ."

ಅವಳು ಎರಡು ಸಲ ಹೋಗಿ ಕರೆದಳು. ಅತ್ತೆ ಒಂದು ಸಲ ಹೋಗಿ ಬೈದಳು. ಅವನು ಇಬ್ಬರ ಜೊತೆಯೂ ಚೆನ್ನಾಗಿಯೇ ಮಾತಾಡಿದ. ಬೆಳೆ, ಬಿಸಿಲು, ಚಿಕ್ಕಪ್ಪನ ಹಲ್ಲುನೋವು. ಮನೆಗೆ ಹೋಗೋಣ ಏಳು ಎಂದಾಗ ಮಾತ್ರ ಏಳಲಿಲ್ಲ. ಅವಳು ಪೇಟೆಯ ಹೊಸ ಸೈಕಲ್ಲನ್ನೇ ಕೊಂಡಳು. ಮರಳಿನ ಮೇಲೆ ಅದು ಸೊಗಸಾಗಿ ಓಡಿತು, ಅದನ್ನು ಇಲ್ಲವೆನ್ನಲಾಗದು. ಆದರೆ ಕ್ಯಾರಿಯರ್ ಚಿಕ್ಕದು. ಔಷಧಿ ಪೆಟ್ಟಿಗೆ ಅದರ ಮೇಲೆ ಅಡ್ಡಡ್ಡ ಕೂತು ದಾರಿಯುದ್ದಕ್ಕೂ ಅಲುಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ, ಕಳಚಿ ಬಂದ ಗೇಟಿನ ಕೀಲು ಹಿಡಿದುಕೊಂಡು ಹಳೆಯ ಗಿರಾಕಿಯೊಬ್ಬ ಬಂದ. "ಮೇಸ್ತ್ರಿ ಇಲ್ವಾ? ಎಷ್ಟೊತ್ತಿಗೆ ಬರ್ತಾರೆ?"

ಒಳಗಿಂದ ಅತ್ತೆ, "ಬರ್ತಾನೆ, ಇನ್ನೇನು..." ಎಂದು ಶುರು ಮಾಡಿದಳು.

"ಬರೋದಿಲ್ಲ," ಎಂದಳು ಅವಳು. "ಬೇರೆ ಕಡೆ ತೋರಿಸಿ."