ಟವೆಲ್ ಹಾಕಿದ ಸೀಟು

ತುರ್ವಿಹಾಳದ ನಾಗವೇಣಿ ರೈಲು ಹತ್ತಲು ಹೊರಟಿದ್ದು ಅದೇ ಮೊದಲು. ಹುಬ್ಬಳ್ಳಿಯಲ್ಲಿದ್ದ ಮಗಳು ಭಾಗ್ಯಶ್ರೀಯ ನರ್ಸ್ ಕೆಲಸಕ್ಕೆ ಮರುದಿನ ಬೆಳಿಗ್ಗೆ ಅಲ್ಲೇ ಕಾಗದಪತ್ರಗಳ ತಪಾಸಣೆ. ಅಸಲು ಅಂಕಪಟ್ಟಿಗಳ ಫೈಲು ತಾಯಿಯ ಕೈಯಲ್ಲಿತ್ತು. ಅದು ಮುಟ್ಟದಿದ್ದರೆ ಕೆಲಸ ಇನ್ನೊಬ್ಬರ ಪಾಲು.

ಸಿಂಧನೂರಿಗೆ ರೈಲು ಬಂದರೂ ನಮ್ಮ ಮಂದಿಗೆ ಬಸ್ಸಿನ ಬುದ್ಧಿ ಬಿಟ್ಟಿಲ್ಲ. ಪ್ಲಾಟ್‌ಫಾರ್ಮಿಗೆ ರೈಲು ಬಂದು ನಿಂತಿದ್ದೇ ತಡ, ನಾಗವೇಣಿ ಕಿಟಕಿಯ ಸರಳಿನ ಸಂದಿಯಿಂದ ಟವೆಲ್ ತೂರಿಸಿ ಸೀಟು ಹಿಡಿದಳು. ಬರೀ ಟವೆಲ್ಲಾದರೆ ಯಾರಾದರೂ ಸರಿಸಿ ಕೂತಾರು ಎಂದು ಫೈಲನ್ನೂ ಅದರಲ್ಲೇ ಸುತ್ತಿದ್ದಳು. ಜಾಣತನಕ್ಕೂ ಒಂದು ಮಿತಿ ಬೇಡವೇ!

ಒಳಗೆ ಸೀಟು ಸಿಗದೆ ನಿಂತಿದ್ದ ಜವಳಗೇರಾದ ಮುದುಕ ಬಾಬುಸಾಬ್‌ಗೆ ಹೇಳಿದಳು: "ಕಾಕಾ, ಕಂಡಕ್ಟರ್ ಬಂದ್ರ ಹೇಳ್ರಿ, ನೀರು ತರಾಕ ಹೋಗ್ಯಾಳ, ಈಗ ಬರ್ತಾಳ ಅಂತ."

ಮುದುಕ ತಲೆಯಾಡಿಸಿದ.

ಬಾಟಲಿ ತುಂಬುವಷ್ಟರಲ್ಲಿ ರೈಲು ಹೊರಟೇಬಿಟ್ಟಿತು. "ನಿಲ್ಸ್ರೀ! ನಿಲ್ಸ್ರೀ!" ಎಂದು ಕೈಬೀಸುತ್ತ ಓಡಿದಳು. ಬಸ್ಸಾಗಿದ್ದರೆ ನಿಲ್ಲುತ್ತಿತ್ತು.

ಅವಳ ಗೋಳು ಕೇಳಿ, ಮುಂದಿನ ಸ್ಟೇಷನ್ನಿಗೆ ತಿಳಿಸಲು ಫೋನ್ ಎತ್ತಿಕೊಂಡ ಸ್ಟೇಷನ್ ಮಾಸ್ತರರು ಕೇಳಿದರು: "ಯಾವ ಡಬ್ಬಿ, ಅಮ್ಮಾ?"

"ನೀಲಿದು ರೀ."

"ಎಲ್ಲಾನೂ ನೀಲಿನ ಅದಾವ."

ನಾಗವೇಣಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮಗಳ ನಾಲ್ಕು ವರ್ಷದ ಓದನ್ನು ಕೈಯಾರೆ ಕಿಟಕಿಯೊಳಗೆ ಎಸೆದೆನಲ್ಲ ಎಂದು ಅಳತೊಡಗಿದಳು.

ಹೊರಗೆ ಆಟೋ ನಿಲ್ಲಿಸಿಕೊಂಡಿದ್ದ ಇಲಿಯಾಸ್ ಸುದ್ದಿ ಕೇಳಿ ಯಾರದೋ ಬೈಕು ಇಸಿದುಕೊಂಡು ಬಂದ. "ಅಳಬ್ಯಾಡ ಅಕ್ಕಾ, ಹಿಂದ ಕುಂದ್ರು. ಗಂಗಾವತಿಯೊಳಗ ಹಿಡಿಯೋಣು."

ಕಾರಟಗಿಯಲ್ಲಿ ರೈಲಿನ ಬಾಲವಷ್ಟೇ ಕಂಡಿತು. ಗಂಗಾವತಿಯಲ್ಲಿ ಅದು ಇನ್ನೂ ನಿಂತಿತ್ತು. ನಾಗವೇಣಿ ಒಂದೊಂದೇ ಕಿಟಕಿ ಇಣುಕುತ್ತ ಓಡುವಾಗ ಒಳಗಿಂದ ಬಾಬುಸಾಬ್ ಕೂಗಿದ: "ಟವೆಲ್ ಹಾಕಿದಾಕಿ! ಇಲ್ಲಿ ಬಾ ಯವ್ವಾ!"

ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಒಂದು ಸೀಟು ಮಾತ್ರ ಖಾಲಿ, ಅದರ ಮೇಲೆ ಅವಳು ಹಾಕಿದಂತೆಯೇ ಟವೆಲ್ಲಿನ ಗಂಟು. ಪಕ್ಕದಲ್ಲಿ ಮುದುಕ ನಡುಗುವ ಕಾಲಲ್ಲಿ ನಿಂತೇ ಇದ್ದ.

"ನೀವಾರ ಕುಂದರಬಾರದೇನ್ರೀ ಕಾಕಾ?"

"ಹಾಕಿದ ಟವೆಲ್ ತೆಗದು ಕುಂದ್ರೋದು ಹೆಂಗವ್ವಾ? ಬರ್ತೀನಿ ಅಂತ ಹೇಳಿ ಹೋಗಿದ್ದಿ. ಬ್ಯಾರೇದವ್ರಿಗೂ ಕುಂದ್ರಗೊಟ್ಟಿಲ್ಲ. ಆ ಕಂಡಕ್ಟರ್ ಮಾತ್ರ ಇನ್ನಾ ಬಂದಿಲ್ಲ ನೋಡು."

ನಾಗವೇಣಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಫೈಲನ್ನು ಎದೆಗವಚಿಕೊಂಡಳು. ಅದೇ ಟವೆಲ್ಲಿನಿಂದ ಸೀಟು ಒರೆಸಿ, ಮುದುಕನ ರಟ್ಟೆ ಹಿಡಿದು ಕೂರಿಸಿದಳು. ಹುಬ್ಬಳ್ಳಿಯವರೆಗೂ ತಾನು ನಿಂತೇ ಹೋದಳು.